ಹೆಸರು ಮರೆತ ಹವಾಲ್ದಾರರ ಹದಿನಾರು ಪುಟ

ಕೋಲಾರ ಸೀಮೆಯ ಜನ ಮಾತಾಡುವಾಗ ಉದುರಿಸುವ ಹಕಾರಗಳನ್ನು ಗುಡಿಸಿ ತಂದು ಮತ್ತೆ ಪದಗಳ ತಲೆಗೆ ಅಂಟಿಸುವುದು ನನ್ನ ವೃತ್ತಿಯಾಗಿತ್ತು. ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ನಾನು ಕರಡು ತಿದ್ದುವವನು. "ಓಗು" ಎಂದು ಬರೆದುಕೊಂಡು ಬಂದವರಿಗೆ "ಹೋಗು" ಎಂದು ಕೊಟ್ಟು ಕಳಿಸುತ್ತಿದ್ದೆ. "ಅಸು" ಬಂದರೆ "ಹಸು" ಮಾಡಿ ಕೊಟ್ಟಿಗೆಗೆ ಕಟ್ಟುತ್ತಿದ್ದೆ. ಈ ಲೋಕೋಪಕಾರಕ್ಕೆ ಯಾರೂ ಬಿರುದು ಕೊಡದ ಕಾರಣ ಮನಸ್ಸಿನಲ್ಲಿ ನಾನೇ ಒಂದನ್ನು ಕೊಟ್ಟುಕೊಂಡಿದ್ದೆ: ಹಕಾರೋದ್ಧಾರಕ.

ಯುದ್ಧ ಮುಗಿದ ಮರುವರ್ಷ ಚಳಿಗಾಲದ ಮೊದಲಲ್ಲಿ ಒಂದು ದಿನ ಹವಾಲ್ದಾರರು ಹೆಂಡತಿಯ ಜೊತೆ ಅಚ್ಚುಕೂಟಕ್ಕೆ ಬಂದರು. ಕಂಕುಳಲ್ಲಿ ಒಂದು ಕಟ್ಟು ಕಾಗದ. ನನಗೆ ಅವರು ಹಳಬರು. ಪಟಾಲಮ್ ಸೇರುವ ಮುಂಚೆ ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿ ಹಾಜರಿ ಗುಮಾಸ್ತರಾಗಿದ್ದು ಬಿಡುವಿನಲ್ಲಿ ಕಥೆ ಬರೆಯುತ್ತಿದ್ದರು. ಅವರ ಮೂರು ಪುಸ್ತಕ ನಮ್ಮಲ್ಲೇ ಅಚ್ಚಾಗಿ ನನ್ನ ಕೈಯಿಂದಲೇ ತಿದ್ದಿಸಿಕೊಂಡಿದ್ದವು. ಸೂರ್ಯ ಹುಟ್ಟಿದ ಎನ್ನುವುದಕ್ಕೆ ಅವರು ಒಂದೂವರೆ ಪುಟ ತೆಗೆದುಕೊಳ್ಳುತ್ತಿದ್ದರು. ಸಹಸ್ರಕಿರಣ, ಉದಯಾಚಲ, ಕನಕರಥ ಎಲ್ಲ ಬಂದು ಹೋದ ಮೇಲೆ ನಾಯಕ ಹಾಸಿಗೆಯಿಂದ ಏಳುತ್ತಿದ್ದ. ನನಗೆ ಅದು ಬಹಳ ಇಷ್ಟವಾಗಿತ್ತು.

"ಏನು ತಂದಿದ್ದೀರಿ ಹವಾಲ್ದಾರ್ರೇ?"

"ಅದೇ... ಅದು." ಕಟ್ಟನ್ನು ಮೇಜಿನ ಮೇಲಿಟ್ಟರು. "ಒಡೀಬೇಕು."

"ಒಡೆಯೋದೇ? ಏನನ್ನು?"

"ಅಚ್ಚು ಒಡೀಬೇಕು ಅಂತಾರೆ ಸಾಮಿ, ಪುಸ್ತಕ" ಎಂದರು ಅವರ ಹೆಂಡತಿ. "ಇವ್ರಿಗೆ ಎಸ್ರು ಬರಲ್ಲ. ಚೊಂಬು ಬೇಕಾದ್ರೆ ಕುಡಿಯೋದು ಅಂತಾರೆ. ಕೊಡೆ ಬೇಕಾದ್ರೆ ಮಳೆ ಅಂತಾರೆ. ನನ್ನ ಎಸ್ರೂ ಓಗೈತೆ. ಅದಕ್ಕೇನ್ ಬಿಡಿ, ಗಂಡಂದ್ರು ಎಂಗೂ ಎಂಡ್ತಿ ಎಸ್ರಿಡ್ದು ಕರೆಯಲ್ಲ. ಏಯ್ ಅನ್ನೋದು ನೆಪ್ಪೈತೆ, ಅಷ್ಟು ಸಾಕು."

ಹವಾಲ್ದಾರರು ನಕ್ಕರು. ಮಾತು ಅರ್ಥವಾಗುವುದಕ್ಕೆ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ಅವರು ಇಟಲಿ ದೇಶದಲ್ಲಿ, ಸೇತುವೆ ಕಟ್ಟುವ ಪಟಾಲಮಿನಲ್ಲಿದ್ದರು. ಗುಂಡಿನ ಚೂರೊಂದು ಎಡಗಿವಿಯ ಮೇಲುಗಡೆ ತಲೆಗೆ ಹೊಕ್ಕಿತ್ತು. ಡಾಕ್ಟರು ಚೂರನ್ನೇನೋ ತೆಗೆದರು, ಆದರೆ ಆ ವೇಳೆಗೆ ವಸ್ತುಗಳ ಹೆಸರುಗಳು ಹೊರಟುಹೋಗಿದ್ದವು. ವಸ್ತು ಕಾಣುತ್ತದೆ, ಏನಕ್ಕೆ ಬರುತ್ತದೆಂದು ತಿಳಿಯುತ್ತದೆ, ಹೆಸರು ಮಾತ್ರ ನಾಲಗೆಗೆ ಬರುವುದಿಲ್ಲ. ಬಂದರೂ ಒಮ್ಮೆ ತೆಲುಗಿನದು, ಒಮ್ಮೆ ತಮಿಳಿನದು. ಬೇರೆ ಊರಾಗಿದ್ದರೆ ಮೊದಲ ದಿನವೇ ಕಾಯಿಲೆ ಎಂದು ಗೊತ್ತಾಗುತ್ತಿತ್ತು. ನಮ್ಮ ಊರಿನಲ್ಲಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ಆಡುವವನೇ ಆರೋಗ್ಯವಂತ. ಆದ್ದರಿಂದ ಅವರು ಬಂದು ನಾಲ್ಕು ತಿಂಗಳಾದರೂ ಪೇಟೆಯಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ.

ಅನುಮಾನ ಬಂದದ್ದು ಒಬ್ಬರಿಗೆ ಮಾತ್ರ, ಅದೂ ತಪ್ಪು ಅನುಮಾನ. ಕಾಮಸಮುದ್ರದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ರೈತಗಿತ್ತಿ ಇದ್ದರು. ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ. ಆ ಮಗ ಹವಾಲ್ದಾರರ ಪಟಾಲಮಿನಲ್ಲೇ ಇದ್ದು ಅವರ ಪಕ್ಕದಲ್ಲೇ ಸತ್ತ. ಸರ್ಕಾರದಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಕಾಗದ ಬಂತು. ಆ ನಾಲ್ಕು ಸಾಲಿನಲ್ಲಿ ತನ್ನ ಮಗ ಎಲ್ಲೂ ಕಾಣದ್ದರಿಂದ ಆ ತಾಯಿ ಸಾವಿನ ಸುದ್ದಿಯನ್ನೇ ನಂಬಲಿಲ್ಲ. ಕಣ್ಣಾರೆ ಕಂಡವನು ಬರಲಿ ಎಂದು ಕಾದರು. ಕಂಡ ಹವಾಲ್ದಾರರು ಬಂದರು, ಆದರೆ ಆಕೆಯ ಎದುರು ನಿಂತು "ಅದು... ಅದು..." ಎಂದು ಬೆವತರು. ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡರು ತಾಯಿ. ಮಗ ಅಲ್ಲಿಯೇ ಬಿಳಿಯ ದೊರೆಸಾನಿಯೊಬ್ಬಳನ್ನು ಕಟ್ಟಿಕೊಂಡು ನಿಂತುಬಿಟ್ಟಿದ್ದಾನೆ ಎಂದು ಊರವರು ಹೇಳಿದರು. ಆಕೆ ತಿಥಿ ಮಾಡಲು ಒಪ್ಪಲಿಲ್ಲ. ಎರಡು ವರ್ಷದಿಂದ ದಿನಾ ಮಗನ ಪಾಲಿನ ಮುದ್ದೆಯನ್ನೂ ತೊಳಸುತ್ತಿದ್ದರು.

ಹವಾಲ್ದಾರರು ಪುಸ್ತಕ ಮಾಡಿಸಲು ಹೊರಟದ್ದು ಆ ಒಬ್ಬ ಹೆಂಗಸಿಗಾಗಿ. ಬಾಯಲ್ಲಿ ಬಾರದ್ದು ಪೆನ್ಸಿಲಿನಲ್ಲಿ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಆದರೆ ಅವರ ಕೈಬರಹ ಈಗ ಅವರಿಗೇ ಓದಲು ಆಗುತ್ತಿರಲಿಲ್ಲ. ಅಚ್ಚಾದರೆ ಯಾರಾದರೂ ಓದಿ ಹೇಳಬಹುದು. ಅಲ್ಲದೆ ಅಚ್ಚಾದದ್ದು ಸುಳ್ಳಾಗುವುದಿಲ್ಲ ಎಂದು ಹಳ್ಳಿಯವರ ನಂಬಿಕೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿದ್ದ ನನಗೆ ಆ ನಂಬಿಕೆ ಇರಲಿಲ್ಲ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಎಂದು ಗೊತ್ತುಮಾಡಿಕೊಂಡೆವು. ನಾನು ಅವರ ಹಸ್ತಪ್ರತಿಯನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದುವುದು, ಅವರು ಹೂಂ ಎಂದರೆ ಶುದ್ಧಪ್ರತಿ ಮಾಡುವುದು. ಮೊದಲ ಸಾಲು ಓದಿ ನನಗೆ ಎದೆ ಒಡೆಯಿತು.

"ಬೆಳಗಾಯ್ತು. ಎಲ್ಲ ಕಂಡಿತು. ಕಾಣದಿದ್ರೆ ಚೆನ್ನಾಗಿತ್ತು."

ಕನಕರಥ ಏರಿ ಬರುತ್ತಿದ್ದ ಸೂರ್ಯ ಹೀಗೆ ಬರಿಗಾಲಿನಲ್ಲಿ ಬಂದುಬಿಟ್ಟನಲ್ಲ! ಮುಂದೆಯೂ ಹಾಗೆಯೇ. "ಒಳೆ ಐತೆ. ಅದರ ಮೇಲೆ ಅದು ಕಟ್ಟಬೇಕು. ಈ ಕಡೆಯಿಂದ ಆ ಕಡೆ ಓಗೋದು." ಹೊಳೆ ಎಂದೆ, ಸೇತುವೆ ಎಂದೆ, ಹೋಗುವುದು ಎಂದೆ. ಪ್ರತಿಯೊಂದಕ್ಕೂ ಅವರು ಹೂಂ ಎಂದರು. ನನಗೆ ಉತ್ಸಾಹ ಏರಿತು. ಕಳೆದುಹೋದ ಹೆಸರುಗಳನ್ನೆಲ್ಲ ನಾನು ಹುಡುಕಿ ತಂದುಕೊಡುತ್ತೇನೆ, ಜೊತೆಗೆ ಅವರ ಹಳೆಯ ಶೈಲಿಯನ್ನೂ ಕೊಡುತ್ತೇನೆ ಎಂದು ಸಂಕಲ್ಪ ಮಾಡಿದೆ.

ನಾಲ್ಕನೆಯ ದಿನ ಹವಾಲ್ದಾರರು ಹೊರಗೆ ಹೋಗಿದ್ದಾಗ ಅವರ ಹೆಂಡತಿ ನನಗೆ ಮೆಲ್ಲಗೆ ಹೇಳಿದರು: "ಬೇಗ ಬೇಗ ಎತ್ಕೊಡಬ್ಯಾಡಿ ಸಾಮಿ. ಎತ್ಕೊಟ್ರೆ ಅವ್ರು ಊಂ ಅಂದ್ಬುಡ್ತಾರೆ. ಸಾಕಾಗಿ ಅನ್ನೋದದು, ಸರಿ ಅಂತಲ್ಲ."

"ನೋಡೋಣ ತಾಯಿ" ಎಂದೆ. ಭಾಷೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಹೆಚ್ಚಾಗಿರಲಿಲ್ಲ.

ಕಂಪೋಸ್ ಮಾಡುವವರು ಮಾರಿಕುಪ್ಪಮ್ಮಿನ ಒಬ್ಬ ತಮಿಳು ಮುದುಕರು. ಕನ್ನಡ ಲಿಪಿ ಬಲ್ಲರು, ಕನ್ನಡ ಅಷ್ಟಾಗಿ ಬಲ್ಲರು ಎನ್ನುವಂತಿಲ್ಲ. ಹೀಗಾಗಿ ಅವರಿಂದ ತಪ್ಪೇ ಆಗುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು, ತಪ್ಪೆಲ್ಲ ಅರ್ಥ ಬಲ್ಲ ನನ್ನ ಪಾಲಿಗೆ ಬರುತ್ತಿತ್ತು. ನನ್ನ ಧಾರಾಳದಿಂದ ಒಂದು ವಾರದಲ್ಲಿ ಹಕಾರದ ಗೂಡು ಬರಿದಾಗಿ ಅವರು ಜೋಡಿಸಿಟ್ಟಿದ್ದ ಹಳೆಯ ಜಾಹೀರಾತೊಂದನ್ನು ಬಿಚ್ಚಿ ಹಕಾರ ಹೆಕ್ಕಬೇಕಾಯಿತು.

ಮಗ ಸಾಯುವ ಭಾಗಕ್ಕೆ ಬಂದೆವು. ಹಸ್ತಪ್ರತಿಯಲ್ಲಿ ಇದ್ದದ್ದು ಇಷ್ಟೇ: "ಬಿಳಿ ಅಕ್ಕಿ. ಕೈ ಬಿಚ್ಚಿದ. ಓಯ್ತು." ಅದರ ಕೆಳಗೆ ಪೆನ್ಸಿಲು ಇನ್ನೂ ಅರ್ಧ ಪುಟ ತಡವರಿಸಿತ್ತು, ಆ ಗೀಟುಗಳನ್ನು ಬಿಡಿಸಲು ಆಗಲಿಲ್ಲ.

ನಾನು ಓದಿದೆ. "ಬಿಳಿ ಹಕ್ಕಿ. ಕೈ ಬಿಚ್ಚಿದ. ಹೋಯಿತು."

ಅವರು ತಲೆಯಾಡಿಸಿದರು. "ಅಲ್ಲ. ಅಕ್ಕಿ."

"ಅದನ್ನೇ ಓದಿದ್ದು. ಹಕ್ಕಿ."

"ಊಂ. ಅಕ್ಕಿ."

"ಹಾರಿತ್ತೇ?"

"ಆರಿತ್ತು. ಆರಿತ್ತು! ನೆ... ನೆ..."

"ನೆತ್ತಿಯ ಮೇಲೆ" ಎಂದು ಎತ್ತಿಕೊಟ್ಟೆ. "ನೆತ್ತಿಯ ಮೇಲೆ ಹಾರಿತ್ತು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ "ಊಂ" ಎಂದರು.

ನಾನು ಬರೆದೆ: "ಆ ವೀರನ ಕರಪಂಜರದಿಂದ ಶ್ವೇತವಿಹಂಗಮವೊಂದು ನೆತ್ತಿಯ ಮೇಲಣ ನೀಲಾಕಾಶಕ್ಕೆ ಹಾರಿತು." ಪೂರ್ಣವಿರಾಮ ಹಾಕಿದೆ. ನನ್ನ ವಾಕ್ಯ ಓದಿ ನನಗೇ ಕಣ್ಣು ತೇವವಾಯಿತು. ಅದು ಕೆಟ್ಟ ಲಕ್ಷಣ ಎಂದು ಈಗ ಬಲ್ಲೆ.

ಕಾಗದಕ್ಕೆ ನಿಯಂತ್ರಣವಿದ್ದ ಕಾಲ. ಒಂದು ಹಾಳೆ ಮಡಿಸಿದರೆ ಹದಿನಾರು ಪುಟ, ಅಷ್ಟಕ್ಕೆ ಹೊಂದುವಂತೆ ಪುಸ್ತಕ ಕೂರಿಸಿದ್ದೆವು. ಹಾಳೆಯ ಒಂದು ಮಗ್ಗುಲಿನ ಎಂಟು ಪುಟ ಅಚ್ಚಾದವು. ಅದನ್ನೂ ಉಳಿದದ್ದರ ಕರಡನ್ನೂ ತೆಗೆದುಕೊಂಡು, ಮುಗಿಸುವ ಮುನ್ನ ಆ ತಾಯಿಗೆ ಒಮ್ಮೆ ಓದಿ ತೋರಿಸೋಣ ಎಂದು ನಾನೂ ಹವಾಲ್ದಾರರೂ ಹೊರಟೆವು. ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಕಾಮಸಮುದ್ರದಲ್ಲಿ ಇಳಿದು ಹೊಲದ ದಾರಿಯಲ್ಲಿ ನಡೆದೆವು.

ಆಕೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸದೆ ಕೇಳಿದರು. ನಾನು ಹರಿಕಥೆಯ ಗತ್ತಿನಲ್ಲಿ ಓದುತ್ತಾ ಕೊನೆಯ ವಾಕ್ಯಕ್ಕೆ ಬಂದೆ.

"ವಿ... ಅದೇನ್ ಸಾಮಿ?"

"ವಿಹಂಗಮ. ಹಕ್ಕಿ ಅಂತ."

"ಅಕ್ಕಿ?" ಮೊರ ನಿಂತಿತು.

"ಹಾರೋ ಹಕ್ಕಿ ತಾಯಿ." ನಾನು ಎರಡೂ ತೋಳು ಬಡಿದು ತೋರಿಸಿದೆ. ಐವತ್ತು ದಾಟಿದವನು, ಕೋಟು ಹಾಕಿದವನು.

ಆಕೆ ಒಂದು ಗಳಿಗೆ ನನ್ನನ್ನು ನೋಡಿ ಮತ್ತೆ ಕೇರತೊಡಗಿದರು. "ನನ್ ಮಗನತ್ರ ಅಟ್ಟೀಲಿರೋ ಕೋಳೀನೇ ಬತ್ತಿರ್ಲಿಲ್ಲ. ಆರಾಡೋ ಅಕ್ಕಿ ಬತ್ತದಾ? ಇದು ಬ್ಯಾರೆ ಯಾರ್ದೋ ಮಗನ್ ಕತೆ ಸಾಮಿ." ಆಮೇಲೆ ಹವಾಲ್ದಾರರ ಕಡೆ ತಿರುಗಿದರು. "ನಿಜ ಯೋಳ್ಲಾ. ದೊರೆಸಾನೀನ ಕಟ್ಕೊಂಡವ್ನಾ? ಕಟ್ಕೊಂಡಿದ್ರೂ ನಾನೇನು ಬೈಯಲ್ಲ ಕಣ್ಲಾ. ಬೆಳ್ಳಗಿರೋ ಮೊಮ್ಮಕ್ಕಳಾದ್ರೂ ಆಗ್ಲಿ ಬಿಡು. ಇದ್ದಾನೆ ಅಂದ್ಬುಡು, ಅಷ್ಟೇಯ."

"ಇಲ್ಲ ಅಮ್ಮಾ... ಅದು... ಅಲ್ಲ... ಅದು..." ಹವಾಲ್ದಾರರ ಹಣೆಯಲ್ಲಿ ಬೆವರು ಇಳಿಯಿತು.

"ನೋಡಿ ಸಾಮಿ" ಎಂದರು ಆಕೆ. "ಪಾಪ, ಇವ್ನಿಗೆ ಸುಳ್ಳು ಯೋಳಕ್ಕೂ ಬರಲ್ಲ."

ಊಟ ಮಾಡಿಸಿಯೇ ಕಳಿಸಿದರು. ನಾವು ಬಂದಾಗಿನದಕ್ಕಿಂತ ಆಕೆಯ ಮುಖ ಗೆಲುವಾಗಿತ್ತು. ಅದೇ ನನಗೆ ನುಂಗಲಾರದ ತುತ್ತಾಯಿತು. ನನ್ನ ಗದ್ಯ ಸತ್ತವನ ಮೇಲೆ ಆಸೆ ಹುಟ್ಟಿಸಿತ್ತು.

ಬಂಗಾರಪೇಟೆಯಲ್ಲಿ ನಮ್ಮ ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಹಮಾಲಿಗಳು ಗಣಿಯವರ ಪಡಿತರದ ಮೂಟೆ ಸಾಗಿಸುತ್ತಿದ್ದರು. ಒಂದು ಮೂಟೆ ಹರಿದು ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದಂತೆ ಚೆಲ್ಲಿತ್ತು. ಹವಾಲ್ದಾರರು ತಟ್ಟನೆ ಕುಕ್ಕರಗಾಲಿನಲ್ಲಿ ಕೂತರು, ಒಂದು ಹಿಡಿ ಎತ್ತಿದರು. "ರೇಷನ್ ಅಕ್ಕಿ ಕಣ್ರೀ, ಪೊಲೀಸಿನವರು ನೋಡ್ತಾರೆ" ಎಂದು ನಾನು ಗಾಬರಿಯಾದೆ. ಅವರು ನನ್ನ ಅಂಗೈ ಹಿಡಿದು ಅದನ್ನು ಸುರಿದರು. ನನ್ನ ಬೆರಳುಗಳನ್ನು ಮಡಿಸಿದರು, ಆಮೇಲೆ ಒಂದೊಂದಾಗಿ ಬಿಚ್ಚಿದರು. ಕಾಳು ಜಾರಿ ಬಿದ್ದವು.

"ಅಕ್ಕಿ" ಎಂದರು. "ಅಕ್ಕಿ ಕಣ್ರೀ."

ಉಳಿದ ಕಾಳನ್ನು ನಲ್ಲಿಯ ನೀರಿನಲ್ಲಿ ಒದ್ದೆ ಮಾಡಿ ಬಿಸಿಲಿಗೆ ಕಾದ ಕಲ್ಲುಬೆಂಚಿನ ಮೇಲೆ ಹರವಿದರು. "ನೆನೀತು. ಆರ್ತು. ನೆನೀತು. ಆರ್ತು."

ನೆನೆಯಿತು! ಆ "ನೆ" ನೆತ್ತಿಯದಾಗಿರಲಿಲ್ಲ. ಸಾವಿರಾರು ಹಕಾರ ದಾನ ಮಾಡಿದ ಪುಣ್ಯವಂತ ನಾನು. ಕೊಡಬಾರದ ಕಡೆ ಎರಡನ್ನು ಕೊಟ್ಟು, ಕೈಯಲ್ಲಿದ್ದ ಅಕ್ಕಿಗೆ ರೆಕ್ಕೆ ಕಟ್ಟಿ, ಒಣಗಿದ್ದನ್ನು ಹಾರಿಸಿ, ತಾಯಿಗೆ ಬೇರೆ ಯಾರದೋ ಮಗನನ್ನು ಒಪ್ಪಿಸಿ ಬಂದಿದ್ದೆ. ಆಕೆ ಮೊರ ನಿಲ್ಲಿಸಿದಾಗ ನಾನು ತೋಳು ಬಡಿಯುತ್ತಿದ್ದೆ.

ಮರುದಿನ ಅಚ್ಚುಕೂಟದ ಯಜಮಾನರಿಗೆ ಹೇಳಿದೆ, ಜೋಡಿಸಿದ್ದೆಲ್ಲ ಬಿಚ್ಚಬೇಕು, ಅಚ್ಚಾದ ಎಂಟು ಪುಟವನ್ನೂ ಬಿಡಬೇಕು ಎಂದು.

"ಯಾಕೆ ಸ್ವಾಮಿ? ಆ ಹಕ್ಕಿ ಎಷ್ಟು ಚೆನ್ನಾಗಿದೆ!"

"ಚೆನ್ನಾಗಿದೆ. ತೊಂದರೆ ಅಲ್ಲೇ ಇರೋದು."

ಅವರು ಗೊಣಗಿದರು. ಕೊನೆಗೆ, ಕೆಟ್ಟ ಹಾಳೆಗಳ ಬೆನ್ನಿನ ಮೇಲೆ ಒಂದು ವರ್ಷ ಕರಡು ತೆಗೆಯಬೇಕೆಂಬ ಷರತ್ತಿನ ಮೇಲೆ ಒಪ್ಪಿದರು. ಮೊಳೆಗಳು ಒಂದೊಂದಾಗಿ ತಮ್ಮ ಗೂಡಿಗೆ ಹಿಂದಿರುಗಿದವು. ಹಕಾರದ ಗೂಡು ತುಂಬಿ ತುಳುಕಿತು.

ಎರಡನೆಯ ಸಲದ ಕೆಲಸದಲ್ಲಿ ನಾನು ಕಲಿಯಬೇಕಾಗಿದ್ದ ವಿದ್ಯೆ ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಅವರು "ಅದು..." ಎಂದು ನಿಂತರೆ ನಾಲಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡೆ. ಅವರ ಹೆಂಡತಿ ಪಕ್ಕದಲ್ಲಿ ಕೂತು, ಹೆಸರು ಹೇಳದೆ ವಸ್ತುವನ್ನೇ ತಂದು ಕೈಗಿಡುತ್ತಿದ್ದರು: ಹಗ್ಗ, ಸುತ್ತಿಗೆ, ಒಂದು ಗಂಟು ಬಟ್ಟೆ. ಮುಟ್ಟಿದರೆ ಕೆಲವೊಮ್ಮೆ ಹೆಸರು ಬರುತ್ತಿತ್ತು, ಕೆಲವೊಮ್ಮೆ ಇಲ್ಲ. ಬಾರದಿದ್ದರೆ "ಅದು" ಎಂದೇ ಬರೆದುಕೊಂಡೆ. ಒಂದು ವಾಕ್ಯಕ್ಕೆ ಕಾಲು ಗಂಟೆ ಹಿಡಿದದ್ದುಂಟು. ಆದರೆ ಕಾದರೆ ಇನ್ನೊಂದು ವಾಕ್ಯ ಹಿಂದೆಯೇ ಬರುತ್ತಿತ್ತು. ಪೆನ್ಸಿಲು ತಡವರಿಸಿದ್ದ ಆ ಅರ್ಧ ಪುಟವೂ ಹೀಗೆ ನಿಧಾನವಾಗಿ ಮಾತಾಯಿತು. ನಾನು ಪೂರ್ಣವಿರಾಮ ಹಾಕಿದ್ದ ಜಾಗದಲ್ಲಿ ಅವರ ಕಥೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ತಲೆಗೆ ಬಿದ್ದ ಪೆಟ್ಟು ಅವರನ್ನು ದೊಡ್ಡ ಬರಹಗಾರರನ್ನಾಗಿ ಮಾಡಿತು ಎಂದು ನಾನು ಹೇಳುತ್ತಿಲ್ಲ. ಪೆಟ್ಟು ಏನನ್ನೂ ಕೊಡುವುದಿಲ್ಲ, ಕಿತ್ತುಕೊಳ್ಳುತ್ತದೆ. ಸಹಸ್ರಕಿರಣನನ್ನು ಅವರು ಇಷ್ಟಪಟ್ಟು ಬಿಟ್ಟವರಲ್ಲ. ಹಳೆಯ ಪುಸ್ತಕಗಳ ಮೇಲೆ ಕೈಯಾಡಿಸಿ ಅತ್ತದ್ದನ್ನು ನಾನೇ ಕಂಡಿದ್ದೇನೆ. ಉಳಿದಷ್ಟರಲ್ಲಿ ಸುಳ್ಳಿಲ್ಲದೆ ಬರೆದದ್ದು ಮಾತ್ರ ಅವರ ಕೆಲಸ, ಪೆಟ್ಟಿನದಲ್ಲ.

ಒಂದು ಮಾತು ಮಾತ್ರ ಯಾವ ವಸ್ತು ಮುಟ್ಟಿಸಿದರೂ ಬರಲಿಲ್ಲ. ಆ ಅಕ್ಕಿ ಏನೆಂದು ಮಗ ಹೇಳಿದ್ದನಂತೆ, ಅದಕ್ಕೊಂದು ಹೆಸರಿತ್ತಂತೆ. ಮೂರು ದಿನ ಕಾದೆವು. ಮಂತ್ರಾಕ್ಷತೆ ಇರಬೇಕು ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಬರೆಯಲಿಲ್ಲ. ಜಾಗ ಖಾಲಿ ಬಿಟ್ಟು ಕಂಪೋಸಿಗೆ ಕೊಟ್ಟೆ.

ಮುದುಕರು ಹಾಳೆ ಹಿಡಿದು ಬಂದರು. "ಇಂಗೆ ಎನ್ನ ಪೋಡಣುಂ ಸಾರ್?"

"ಏನೂ ಹಾಕಬೇಡಿ. ಖಾಲಿ ಬಿಡಿ."

"ಖಾಲೀಗೂ ಸೀಸ ಬೇಕು ಸಾರ್" ಎಂದರು ಅವರು, ನನಗೆ ಗೊತ್ತಿಲ್ಲವೇನೋ ಎಂಬಂತೆ. ನಿಜ, ಅಚ್ಚಿನಲ್ಲಿ ಖಾಲಿ ಜಾಗ ತಾನಾಗಿ ನಿಲ್ಲುವುದಿಲ್ಲ. ಮಸಿ ತಗಲದಷ್ಟು ಗಿಡ್ಡನೆಯ ಸೀಸದ ತುಂಡುಗಳನ್ನು ಒತ್ತಾಗಿ ಕೂರಿಸಬೇಕು. ಎಷ್ಟಗಲ ಎಂದು ಕೇಳಿದರು. ನಾಲ್ಕು ಅಕ್ಷರದಷ್ಟು ಎಂದೆ.

ಪುಸ್ತಕ ಹೊಲಿದು ಮುಗಿದ ಮೇಲೆ ಮತ್ತೆ ಹೋದೆವು. ಈ ಸಲ ಹವಾಲ್ದಾರರ ಹೆಂಡತಿಯೂ ಬಂದರು. ಆ ತಾಯಿ ಅದೇ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. "ಬಂದ್ರಾ ಅಕ್ಕಿ ಸಾಮಿ?" ಎಂದು ನನ್ನನ್ನು ಸ್ವಾಗತಿಸಿದರು. ಅರ್ಹವಾದ ಬಿರುದು ಎಂದು ಸ್ವೀಕರಿಸಿದೆ.

ಗತ್ತಿಲ್ಲದೆ, ಬರೆದದ್ದನ್ನು ಬರೆದ ಹಾಗೆ ಓದಿದೆ. "ಒಳೆ ಐತೆ. ಅದರ ಮೇಲೆ ಅದು ಕಟ್ಟಬೇಕು."

"ಸೇತ್ವೆ" ಎಂದರು ಆಕೆ, ಕಾಯಿಯಿಂದ ಕಣ್ಣೆತ್ತದೆ.

"ಅವನು ಅದನ್ನು ಎಗಲ ಮೇಲೆ ಒತ್ತು ತಂದ. ಇಬ್ಬರು ಒರೋದು. ಒಬ್ಬನೇ ಒತ್ತ."

"ತೊಲೆ. ಊಂ, ಅವ್ನು ಅಂಗೇಯ. ಬಾವಿ ಕಲ್ಲೂ ಒಬ್ನೇ ಒತ್ತಿದ್ದ. ಸೊಂಟ ಇಡ್ಕೊಂಡು ಎರಡ್ ದಿನ ಮಲಗ್ದ." ಅವರೆಕಾಳು ಬುಟ್ಟಿಗೆ ಬೀಳುವುದು ನಿಧಾನವಾಯಿತು.

ಹೀಗೆ ಹವಾಲ್ದಾರರು "ಅದು" ಎಂದ ಕಡೆಯೆಲ್ಲ ಆಕೆ ಹೆಸರು ಹೇಳುತ್ತಾ ಹೋದರು. ಹವಾಲ್ದಾರರು ತುಟಿಯಲ್ಲೇ ಅದನ್ನು ಹಿಂದೆಯೇ ಹೇಳಿಕೊಳ್ಳುತ್ತಿದ್ದರು. ನಾನು ಹದಿನಾಲ್ಕನೆಯ ಪುಟ ತಿರುವಿದೆ.

"ಅವನ ಸೊಂಟದಲ್ಲಿ ಗಂಟು ಇತ್ತು. ಅದರಲ್ಲಿ ಅಕ್ಕಿ. ಬೊಗಸೆ ಅಲ್ಲ, ಒಂದು ಇಡಿ. ಒಳೆ ದಾಟಿದರೆ ನೆನೀತು. ಕಲ್ಲ ಮೇಲೆ ಆಕಿದ. ಆರ್ತು. ಮತ್ತೆ ಕಟ್ಟಿದ. ಅಸಿವು ಇತ್ತು. ಬೇಯಿಸೋಣ ಅಂದೆ. ಬೈದ. ಇದು ತಿನ್ನೋದಲ್ಲ, ಅಮ್ಮ ಕೊಟ್ಟಿದ್ದು, ಇದು..." ಖಾಲಿ ಜಾಗ ಬಂತು. ನಾನು ನಿಲ್ಲಿಸಿದೆ.

ಆಕೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಮಡ್ಲಕ್ಕಿ" ಎಂದರು.

ಹವಾಲ್ದಾರರ ತುಟಿ ಅದನ್ನು ಹಿಂದೆಯೇ ಹೇಳಿಕೊಂಡಿತು.

"ನಂಗ್ ಎಣ್ಮಕ್ಕಳಿಲ್ಲ ಸಾಮಿ. ತೌರಿಂದ ಓಗೋ ಮಗಳಿಗೆ ಕಟ್ತಾರಲ್ಲ ಮಡ್ಲಕ್ಕಿ, ತಿರುಗಿ ಬರ್ಲಿ ಅಂತ, ಅದ ಅವ್ನ ಸೊಂಟಕ್ಕೆ ಕಟ್ದೆ. ಬಾಗ್ಲು ಆಕ್ಕೊಂಡು ಕಟ್ದೆ. ಗಂಡ್ಮಗನಿಗೆ ಮಡ್ಲಕ್ಕಿ ಕಟ್ಟಿದ್ಲು ಅಂದ್ರೆ ಊರು ನಗಲ್ವಾ? ಅಮ್ಮಾ ನಾನೇನ್ ಮದ್ವೆ ಎಣ್ಣಾ ಅಂತ ಅವ್ನೂ ನಕ್ಕ. ಯಾರಿಗೂ ಯೋಳಿಲ್ಲ ನಾನು. ಯಾರಿಗೂ." ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ, "ಓದಿ" ಎಂದರು.

"ಗುಂಡು ಬಿತ್ತು. ಅವನು ಬಿದ್ದ. ನಾನು ಬೀಳೋಕೆ ಮುಂಚೆ. ಅವನು ಗಂಟು ಬಿಚ್ಚಿದ. ಇಡಿ ತುಂಬ ಬಿಳಿ ಅಕ್ಕಿ. ಅಮ್ಮ ಅಂದ. ಕೈ ಬಿಚ್ಚಿದ. ಓಯ್ತು, ಅವನೂ. ಕೈಯಲ್ಲಿ ಸ್ವಲ್ಪ ಉಳಿದಿತ್ತು. ನಮ್ಮವರು ಯಾರೂ ಇರಲಿಲ್ಲ. ನಾನು ಆ ಅಕ್ಕಿ ಅವನ ಬಾಯಿಗೆ ಆಕಿದೆ."

ಸತ್ತವರ ಬಾಯಿಗೆ ನಮ್ಮವರು ಅಕ್ಕಿ ಹಾಕುತ್ತಾರೆ. ಹತ್ತಿರದವರು ಹಾಕಬೇಕು.

ಆಕೆ ಹವಾಲ್ದಾರರನ್ನು ನೋಡಿದರು. "ಎಷ್ಟು ಸಲ ಆಕ್ದೆ ಮಗಾ?"

ಹವಾಲ್ದಾರರು ಮೂರು ಬೆರಳು ಎತ್ತಿದರು.

"ಸರೀಗೇ ಆಕಿದ್ದೀಯ." ಎದ್ದು ಬಂದು ಅವರ ತಲೆಯ ಮೇಲೆ, ಎಡಗಿವಿಯ ಮೇಲಿನ ಗುಳಿ ಬಿದ್ದ ಜಾಗದಲ್ಲಿ ಕೈಯಿಟ್ಟರು. "ನನ್ನ ಕೈ ಅಕ್ಕೀನೇ ಬಾಯಿಗ್ಬಿತ್ತು ಅಂಗಾದ್ರೆ. ಬರೋ ಅಮಾಸೆಗೆ ತಿಥಿ ಮಾಡ್ತೀನಿ. ನೀನೇ ಮುಂದೆ ನಿಂತ್ಕೋಬೇಕು ಕಣ್ಲಾ."

"ಬತ್ತೀನಿ ಅಮ್ಮಾ" ಎಂದರು ಹವಾಲ್ದಾರರು. ಆ ಮಾತು ತಡವರಿಸಲಿಲ್ಲ.

ಆಮೇಲೆ ಆಕೆ ಪುಸ್ತಕ ಕೇಳಿದರು. ಓದು ಬಾರದ ಆಕೆಗೆ ಹದಿನಾಲ್ಕನೆಯ ಪುಟ ತೆಗೆದುಕೊಟ್ಟೆ. "ಆ ಮಾತಿಲ್ದಿರೋ ಜಾಗ ಎಲ್ಲೈತೆ, ತೋರ್ಸಿ" ಎಂದರು. ತೋರಿಸಿದೆ. ಆ ನಾಲ್ಕಕ್ಷರದ ಬಿಳುಪಿನ ಮೇಲೆ ಬೆರಳಿಟ್ಟುಕೊಂಡರು. ಈಗ ಪದ ಸಿಕ್ಕಿತ್ತಲ್ಲ, ನಾನು ಜೇಬಿಗೆ ಕೈ ಹಾಕಿ ಪೆನ್ಸಿಲು ತೆಗೆದೆ.

"ಬರೀಬ್ಯಾಡಿ ಸಾಮಿ" ಎಂದರು ಆಕೆ, ಬೆರಳು ತೆಗೆಯದೆ. "ಊರಿಗೆಲ್ಲ ಯಾಕೆ? ಇಲ್ಲಿ ಏನೈತೆ ಅಂತ ನಂಗ್ ಗೊತ್ತಲ್ಲ."

ಪೆನ್ಸಿಲನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.